ಇಸ್ತ್ರಿ ಹಾಕಿದ ತಟ್ಟೆ

ಜೂನ್ 3, ಸೋಮವಾರ

ಬೆಳಿಗ್ಗೆ ನಾದಿನಿ ಬಂದಳು. ಎರಡು ಸೂಟ್‌ಕೇಸು, ಒಂದು ಛತ್ರಿ, ಬೆನ್ನಿಗೆ ಹಾಕುವ ಹರಕು ಚೀಲದ ತುಂಬ ಪ್ಲಾಸ್ಟಿಕ್ ತಟ್ಟೆಗಳು. ನನ್ನ ಹೊಲಿಗೆ ಕೋಣೆ ಅವಳ ಪಾಲಾಯಿತು. ಮಿಷನ್ನು ನಡುಮನೆಯ ಮೂಲೆಗೆ ಬಂತು. ಅಲ್ಲಿ ಬೆಳಕು ಸಾಲದು. ಕಪ್ಪು ದಾರ ಯಾವುದು, ಕಡುನೀಲಿ ಯಾವುದು ತಿಳಿಯುವುದಿಲ್ಲ.

ನಲವತ್ತು ವರ್ಷದಿಂದ ಅವಳನ್ನು ಬಲ್ಲೆ. ಶಾಲೆಯಲ್ಲಿ ಆಟದ ಟೀಚರಾಗಿದ್ದವಳು. ಮದುವೆಯಾಗಲಿಲ್ಲ, ಯಾರ ಮಾತನ್ನೂ ಕೇಳಲಿಲ್ಲ. ನಾನೋ ಚಿಕ್ಕಂದಿನಲ್ಲೇ ಶಾಲೆ ಬಿಟ್ಟು ಕತ್ತರಿ ಹಿಡಿದವಳು. ಓದು ಬರಹವೆಲ್ಲ ಅಂಗಡಿಯಲ್ಲಿ ಬಟ್ಟೆ ಸುತ್ತಿ ತಂದ ಪೇಪರುಗಳಿಂದ ಕಲಿತದ್ದು. ಮಾತಾಡುವಾಗ ಅವಳು ನನ್ನ ಮುಖ ಬಿಟ್ಟು ಕಿವಿಯ ಕಡೆ ನೋಡುವುದನ್ನು ಈಚೀಚೆಗೆ ಗಮನಿಸಿ, ಜಂಬ ಹೆಚ್ಚಿತು ಎಂದುಕೊಂಡಿದ್ದೆ. ಜಂಬವಲ್ಲವಂತೆ. ಅವಳ ಕಣ್ಣಿನ ನಡುವೆ ಬೂದು ಬಣ್ಣದ ಮಚ್ಚೆಯೊಂದು ಬೆಳೆಯುತ್ತಿದೆ. ನೇರ ನೋಡಿದ್ದು ಕಾಣುವುದಿಲ್ಲ, ಪಕ್ಕದ್ದು ಕಾಣುತ್ತದೆ. ಮುಖ ಕಾಣಬೇಕಾದರೆ ಕಿವಿ ನೋಡಬೇಕು. ಮಚ್ಚೆ ಹಿಂದಕ್ಕೆ ಹೋಗುವುದಿಲ್ಲ, ಮೆಲ್ಲಗೆ ಹರಡುತ್ತದೆ ಎಂದು ಕಣ್ಣಿನ ಡಾಕ್ಟರು ಹೇಳಿದ್ದಾರೆ.

ಅಕ್ಟೋಬರಿನಲ್ಲಿ ದೂರದ ಊರಿನ ತರಬೇತಿ ಮನೆಯಲ್ಲಿ ಜಾಗ ಸಿಗುತ್ತದೆ. ಕಣ್ಣು ಮಂದವಾದವರಿಗೆ ಅಲ್ಲಿ ಅಡುಗೆ, ಓಡಾಟ, ಕೋಲು ಹಿಡಿಯುವುದು ಎಲ್ಲ ಹೇಳಿಕೊಡುತ್ತಾರೆ. ಅಲ್ಲಿಯವರೆಗೆ ಇಲ್ಲಿರಲಿ ಎಂದು ನಮ್ಮ ಮನೆಯವರು ತೀರ್ಮಾನಿಸಿದರು. ಅವರ ತಂಗಿ, ಅವರ ತೀರ್ಮಾನ, ನನ್ನ ಕೋಣೆ.

ಇದನ್ನು ಯಾರ ಹತ್ತಿರವೂ ಆಡುವ ಹಾಗಿಲ್ಲ. ಆದ್ದರಿಂದ ಬರೆಯುತ್ತೇನೆ.

ಜೂನ್ 9, ಭಾನುವಾರ

ಇವತ್ತು ಬೆಟ್ಟಕ್ಕೆ ಹೋಗಿದ್ದೆವು. ಹೋಗಬೇಕೆಂದು ಹೋದದ್ದಲ್ಲ. ನಾದಿನಿಗೆ ಭಾನುವಾರ ಆಟ ತಪ್ಪಬಾರದು. ನಮ್ಮ ಮನೆಯವರು ಮೂವತ್ತು ವರ್ಷ ಬಸ್ಸಿನ ಕ್ಲಚ್ಚು ತುಳಿದು ಮಂಡಿ ಸವೆಸಿಕೊಂಡವರು. ಕಾರು ಓಡಿಸುತ್ತಾರೆ, ಬೆಟ್ಟ ಹತ್ತುವುದಿಲ್ಲ. ಉಳಿದದ್ದು ನಾನು.

ಆಟ ಇಷ್ಟೇ. ಕಾಡಿನೊಳಗೆ ಅಲ್ಲಲ್ಲಿ ಕಬ್ಬಿಣದ ಕಂಬ ನೆಟ್ಟು, ಅದಕ್ಕೊಂದು ಬುಟ್ಟಿ ಕೂರಿಸಿ, ಮೇಲಿನಿಂದ ಸರಪಳಿಗಳನ್ನು ಇಳಿಬಿಟ್ಟಿದ್ದಾರೆ. ದೂರದಿಂದ ತಟ್ಟೆ ಎಸೆಯಬೇಕು. ಬಿದ್ದಲ್ಲಿಗೆ ನಡೆದು ಹೋಗಿ ಅಲ್ಲಿಂದ ಮತ್ತೆ ಎಸೆಯಬೇಕು. ಸರಪಳಿಗೆ ಬಡಿದು ಬುಟ್ಟಿಗೆ ಬಿದ್ದರೆ ಮುಗಿಯಿತು, ಮುಂದಿನ ಬುಟ್ಟಿ. ಕಡಿಮೆ ಎಸೆತದಲ್ಲಿ ಮುಗಿಸಿದವರು ಗೆದ್ದರು. ಹೀಗೆ ಹದಿನೆಂಟು ಬುಟ್ಟಿ, ಏರು, ಇಳಿಜಾರು, ಬೇರು, ಕಲ್ಲು. ದೊಡ್ಡವರು ಮಾಡುವ ಕೆಲಸವೇ ಇದು ಎಂದು ಮನಸ್ಸಿನಲ್ಲಿ ಅಂದುಕೊಂಡೆ. ಮನಸ್ಸಿನಲ್ಲಿ ಅಂದುಕೊಂಡದ್ದು ಬಾಯಿಗೂ ಬಂತು.

"ಹೌದು ಅತ್ತಿಗೆ," ಎಂದಳು. "ಚಿಕ್ಕವರಿಗೆ ಇಷ್ಟು ತಾಳ್ಮೆ ಇರಲ್ಲ."

ನನ್ನ ಕೆಲಸ ಕಾವಲು. ಮುಂದೆ ಹೋಗಿ ಓರೆಯಲ್ಲಿ ನಿಂತು, ಎಲ್ಲಿ ಬಿತ್ತೆಂದು ನೋಡಬೇಕು. ಕಾಡಿನ ಆಟದಲ್ಲಿ ಕಣ್ಣು ನೆಟ್ಟಗಿದ್ದವರಿಗೂ ಇಂಥವರೊಬ್ಬರು ಬೇಕಂತೆ. ನೆಲದ ತುಂಬ ಪೈನ್ ಮರದಿಂದ ಉದುರಿದ ಸೂಜಿಯೆಲೆ. ಎಲೆಯಡಿ ನುಸುಳಿದ ತಟ್ಟೆ ಕಾಲಿಗೆ ತಾಗಿದರೂ ಕಾಣುವುದಿಲ್ಲ. ಮೊದಲನೆಯದನ್ನೇ ಕಳೆದೆ.

"ತಟ್ಟೆ ಅಲ್ಲೆಲ್ಲೋ ಹೋಯ್ತು," ಎಂದು ಕೂಗಿದೆ.

"ತಟ್ಟೆ ಅಲ್ಲ, ಡಿಸ್ಕ್! ಅಲ್ಲೆಲ್ಲೋ ಅಂದ್ರೆ ಎಲ್ಲಿ?"

"ಕಾಡಿನಲ್ಲಿ!"

ಅವಳು ಹತ್ತಿರ ಬಂದು, ನನ್ನ ಕಿವಿ ನೋಡುತ್ತ, ಮಕ್ಕಳಿಗೆ ಹೇಳುವ ಹಾಗೆ ಹೇಳಿದಳು. "ಅತ್ತಿಗೆ, ಹಾರೋದನ್ನ ನೋಡ್ತಾ ಕೂತ್ರೆ ಬಿದ್ದಿದ್ದು ತಪ್ಪುತ್ತೆ. ಬೀಳೋ ಹೊತ್ತಿಗೆ ಅದರ ಹಿಂದಿರೋ ಮರ ಹಿಡ್ಕೊಳ್ಳಿ. ಮರ ಎಲ್ಲೂ ಹೋಗಲ್ಲ."

ಹೊಲಿಗೆಯಲ್ಲೂ ಹಾಗೇ. ಸೂಜಿ ನೋಡುತ್ತ ಕೂತವರ ಹೊಲಿಗೆ ಓರೆಯಾಗುತ್ತದೆ. ಆದರೆ ಅವಳಿಗೆ ಹೇಳಲಿಲ್ಲ. ಆಮೇಲಿನದು ಯಾವುದೂ ಕಳೆಯಲಿಲ್ಲ.

ಕಾಲು ನೋವು. ಎಣ್ಣೆ ಹಚ್ಚಿಕೊಂಡೆ.

ಜೂನ್ 16, ಭಾನುವಾರ

ಮತ್ತೆ ಬೆಟ್ಟ. ಏಳನೇ ಬುಟ್ಟಿಯ ಹತ್ತಿರ ಒಂದು ವಿಚಿತ್ರ ಕಂಡೆ. ಎಸೆಯುವ ಜಾಗದ ಎದುರಿಗೆ ಎರಡು ಭಾರೀ ಮರ, ನಡುವೆ ಒಂದು ಬಾಗಿಲಿನಷ್ಟು ಸಂದು. ಸಂದಿನ ಎಡಕ್ಕೆ ಕಣಿವೆ. ಬಲಕ್ಕೆ ನೆಲ ಜಾರುತ್ತದೆ, ಬುಟ್ಟಿ ಇರುವುದು ಅಲ್ಲಿ, ಕೆಳಗೆ, ಕಣ್ಣಿಗೆ ಕಾಣದ ಹಾಗೆ. ತಟ್ಟೆ ಸಂದು ದಾಟುವವರೆಗೆ ನೆಟ್ಟಗೆ ಹೋಗಿ ಆಮೇಲೆ ಬಲಕ್ಕೆ ವಾಲಬೇಕು. ನಾದಿನಿ ಚೀಲದ ತಳದಿಂದ ಹಳೆಯ ಕಿತ್ತಳೆ ಬಣ್ಣದ್ದೊಂದನ್ನು ತೆಗೆದಳು. ಅಂಚೆಲ್ಲ ಇಲಿ ಕಡಿದಂತೆ. ಎಸೆದಳು. ಅದು ಹೇಳಿ ಕಳಿಸಿದಂತೆ ಹೋಗಿ, ವಾಲಿ, ಇಳಿಯಿತು.

"ಆ ಸಂದು ನಿಂಗೆ ಕಾಣುತ್ತಾ?"

"ಹೋದ ವರ್ಷಾನೇ ಹೋಯ್ತು. ಈಗ ಅಲ್ಲಿ ಬರೀ ಬೂದು."

"ಮತ್ತೆ?"

"ನಂಗೆ ಕಾಣಲ್ಲ, ಇದಕ್ಕೆ ಕಾಣುತ್ತೆ," ಎಂದು ಕಿತ್ತಳೆಯನ್ನು ತೊಡೆಗೆ ಒರೆಸಿಕೊಂಡಳು.

ಅಕ್ಟೋಬರಿನ ಮೊದಲ ಭಾನುವಾರ ಇಲ್ಲಿ ಜೋಡಿ ಪಂದ್ಯ. ಪ್ರತಿ ವರ್ಷವೂ ಆಡಿದ್ದಾಳೆ. ಈ ಸಲದ್ದು ಕಣ್ಣು ಉಳಿದಿರುವಾಗಿನ ಕೊನೆಯದು. ಅದನ್ನು ಆಡಿಯೇ ತರಬೇತಿ ಮನೆಗೆ ಹೋಗುವುದೆಂದು ಹಟ. ಅವಳ ಜೊತೆ ಆಡುತ್ತಿದ್ದ ದಂತವೈದ್ಯೆಗೆ ಭುಜದ ಆಪರೇಷನ್ ಆಗಿದೆ. ಜೋಡಿ ಇನ್ನೂ ಸಿಕ್ಕಿಲ್ಲ. ನಮ್ಮ ಮನೆಯವರಿಗೆ ಸಿಗದಿದ್ದರೇ ಸಂತೋಷ.

ಜೂನ್ 25, ಮಂಗಳವಾರ

ನಾದಿನಿ ಅಣ್ಣನ ಜೊತೆ ಕಣ್ಣಾಸ್ಪತ್ರೆಗೆ ಹೋಗಿದ್ದಳು. ಮನೆ ಗುಡಿಸುವಾಗ ಆ ಚೀಲ ಕಾಲಿಗೆ ತೊಡರಿತು. ಒಳಗೆಲ್ಲ ಮಣ್ಣು, ಮರದ ಅಂಟು. ಎಲ್ಲ ತಟ್ಟೆಗಳನ್ನೂ ಸೋಪಿನ ನೀರಿನಲ್ಲಿ ತೊಳೆದು ಒರೆಸಿದೆ. ಕಿತ್ತಳೆಯದರ ಅಂಚನ್ನು ನಯವಾದ ಉಪ್ಪುಕಾಗದದಿಂದ ಉಜ್ಜಿ ಸಾಪು ಮಾಡಿದೆ. ಒಂದು ಕಡೆ ಸೊಟ್ಟಗಾಗಿತ್ತು. ಒದ್ದೆ ಬಟ್ಟೆ ಹಾಸಿ, ಇಸ್ತ್ರಿ ಪೆಟ್ಟಿಗೆ ಸಣ್ಣ ಕಾವಿನಲ್ಲಿಟ್ಟು, ಕೋಟಿನ ಕಾಲರು ಕೂರಿಸುವ ಹಾಗೆ ಒತ್ತಿ ಒತ್ತಿ ಕೂರಿಸಿದೆ. ಚಪ್ಪಟೆಯಾಗಿ ನೆಲಕ್ಕೆ ಅಂಟಿ ಕೂತಿತು. ಹೊಸದರ ಹಾಗೆ.

ಮಾಡಬೇಕೆಂದಿರಲಿಲ್ಲ. ಸುಮ್ಮನೆ ಮಾಡಿದೆ.

ಜೂನ್ 30, ಭಾನುವಾರ

ಏಳನೇ ಬುಟ್ಟಿ. ನಾದಿನಿ ಕಿತ್ತಳೆಯನ್ನು ಕೈಗೆ ತೆಗೆದುಕೊಂಡವಳು ತಡೆದಳು. ಅಂಚಿನ ಸುತ್ತ ಬೆರಳು ಆಡಿಸಿದಳು. ಮೇಲೆ ಅಂಗೈ ಇಟ್ಟಳು.

"ಅತ್ತಿಗೆ, ಇದಕ್ಕೆ ಇಸ್ತ್ರಿ ಹಾಕಿದ್ರಾ?"

"ಸೊಟ್ಟ ಆಗಿತ್ತು."

ಎಸೆದಳು. ತಟ್ಟೆ ಕತ್ತು ಮುರಿದ ಕೋಳಿಯಂತೆ ಪಟಪಟ ಒದ್ದಾಡಿ, ಮರದವರೆಗೂ ಹೋಗದೆ ಬಿತ್ತು. ಎತ್ತಿ ತಂದು ಕೊಟ್ಟೆ. ಮತ್ತೆ ಎಸೆದಳು. ಅಲ್ಲೇ ಬಿತ್ತು. ಆಗ ಅವಳು ಅಲ್ಲಿದ್ದ ಮರದ ಬೊಡ್ಡೆಯ ಮೇಲೆ ಕೂತಳು.

"ಹೊಸ ಡಿಸ್ಕ್ ಕೊನೇಲಿ ಎಡಕ್ಕೆ ಬಾಗುತ್ತೆ ಅತ್ತಿಗೆ. ಎಡಕ್ಕೆ ಅಂದ್ರೆ ಕಣಿವೆ. ಮರಕ್ಕೆ ಬಡಿದು ಬಡಿದು ಅಂಚು ಸವೆದ ಮೇಲೇ ಅದು ನೆಟ್ಟಗೆ ಹೋಗೋದು. ಇನ್ನೂ ಸವೆದ್ರೆ ಬಲಕ್ಕೆ. ನನ್ನ ಕಣ್ಣು ಹೋಗ್ತಾ ಹೋಗ್ತಾ ಇದು ಹದಕ್ಕೆ ಬಂತು. ಇದರ ದಾರಿ ನನ್ನ ಕೈಗೆ ಬಾಯಿಪಾಠ. ಬೇರೆ ಬುಟ್ಟಿ ಹೇಗೋ ಆಗುತ್ತೆ. ಇದೊಂದು ಇದಿಲ್ಲದೆ ಆಗಲ್ಲ."

"ನಂಗೆ ಗೊತ್ತಿರ್ಲಿಲ್ಲ."

"ನಿಮಗೆ ಹೇಗೆ ಗೊತ್ತಿರುತ್ತೆ. ನೀವು ಸುಕ್ಕು ಕಂಡ್ರೆ ಸುಮ್ನಿರೋರಲ್ಲ." ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟು ಮಾಡಿದ್ದರೆ ಮೇಲಿತ್ತು. "ಮನೆಗೆ ಹೋಗೋಣ."

ಉಳಿದ ಬುಟ್ಟಿಗಳನ್ನು ಆಡದೆ ಇಳಿದೆವು.

ಜುಲೈ 1, ಸೋಮವಾರ

ಪಂದ್ಯಕ್ಕೆ ಹೋಗುವುದಿಲ್ಲ ಎಂದಳು. ಚೀಲವನ್ನು ಕಪಾಟಿನ ಮೇಲೆ ಹಾಕಿದ್ದಾಳೆ. ನಮ್ಮ ಮನೆಯವರು, "ಒಳ್ಳೇದೇ ಆಯ್ತು. ಕಾಲು ಮುರ್ಕೊಳ್ಳೋದು ತಪ್ತು," ಎಂದು ಇನ್ನೊಂದು ಲೋಟ ಚಹಾ ಕೇಳಿದರು. ನೀವೇ ಹಾಕಿಕೊಳ್ಳಿ ಎಂದೆ. ಯಾಕೆ ಹಾಗೆ ಹೇಳಿದೆನೋ ಗೊತ್ತಿಲ್ಲ. ಚಹಾ ಒಲೆಯ ಮೇಲೇ ಇತ್ತು.

ಜುಲೈ 4, ಗುರುವಾರ

ಗುಂಡಿ, ಜಿಪ್ಪು ತರಲು ಪೇಟೆಗೆ ಹೋದವಳು ಆಟದ ಸಾಮಾನಿನ ಅಂಗಡಿಗೂ ಹೋದೆ. ಗೋಡೆಯ ತುಂಬ ತಟ್ಟೆ, ಬಳೆ ಅಂಗಡಿಯ ಹಾಗೆ ಬಣ್ಣ ಬಣ್ಣ. ಅಂಗಡಿಯವನು ಎದೆಯವರೆಗೆ ಗಡ್ಡ ಬಿಟ್ಟವನು. ಸತ್ತ ಕಿತ್ತಳೆಯನ್ನು ಅವನ ಮುಂದಿಟ್ಟೆ. ತಿರುಗಿಸಿ ನೋಡಿದ.

"ಏನಾಯ್ತು ಇದಕ್ಕೆ? ಬೆಂಕಿಗೆ ಬಿತ್ತಾ?"

"ಅದೆಲ್ಲ ನಿಂಗ್ಯಾಕಪ್ಪ. ಇಂಥದ್ದೇ ಬೇಕು."

ಪ್ರತಿ ತಟ್ಟೆಯ ಮೇಲೂ ನಾಲ್ಕು ಅಂಕಿ. ಮೊದಲನೆಯದು ವೇಗ. ಎರಡನೆಯದು ಎಷ್ಟು ಹೊತ್ತು ತೇಲುತ್ತದೆ ಎಂಬುದು. ಮೂರನೆಯದು ನಡುದಾರಿಯಲ್ಲಿ ಎಷ್ಟು ಬಲಕ್ಕೆ ತಿರುಗುತ್ತದೆ, ನಾಲ್ಕನೆಯದು ಕೊನೆಗೆ ಎಷ್ಟು ಎಡಕ್ಕೆ ಬಾಗುತ್ತದೆ. ಇದೆಲ್ಲ ಬಲಗೈಯವರ ಲೆಕ್ಕ. ದೂರ ಹೋಗುವುದರ ಅಂಚು ಅಗಲ, ಚೂಪು. ಬುಟ್ಟಿಗೆ ಹಾಕುವುದರ ಅಂಚು ಮೊಂಡ. ನಾದಿನಿಯದು ಇವೆರಡರ ನಡುವಿನದು. ಅದೇ ಅಚ್ಚು, ಅದೇ ತೂಕದ್ದನ್ನು ತೆಗೆದುಕೊಟ್ಟ.

"ಆದ್ರೆ ಅಮ್ಮ, ಇದು ಹೊಸದು. ಅದರ ಹಾಗೆ ಹಾರಲ್ಲ."

"ಹಳೇದು ಕೊಡು ಮತ್ತೆ."

"ಹದ ಆಗಿರೋದನ್ನ ಯಾರಮ್ಮ ಮಾರ್ತಾರೆ? ಹೆತ್ತ ಮಗು ಕೊಟ್ರೂ ಕೊಟ್ಟಾರು." ನಕ್ಕ. "ಕಾಡಿಗೆ ತಗೊಂಡು ಹೋಗಿ ಎಸೀರಿ. ಮರಕ್ಕೆ ಬಡೀಲಿ. ದಿನಾ ಎಸೆದ್ರೆ ಎರಡು ಮೂರು ತಿಂಗಳಲ್ಲಿ ದಾರಿಗೆ ಬರಬಹುದು."

ಒಂದೇ ಅಚ್ಚಿನಲ್ಲಿ ಮೂರು ಬಗೆಯ ಪ್ಲಾಸ್ಟಿಕ್. ಒಂದು ಗಾಜಿನ ಹಾಗೆ ಮಿರಿಮಿರಿ, ಗಟ್ಟಿ. ಅದು ಸವೆಯುವ ಹೊತ್ತಿಗೆ ನಾವು ಇರುವುದಿಲ್ಲ. ಕಡಿಮೆ ದರ್ಜೆಯದು ಬೇಗ ಸವೆಯುತ್ತದೆ. ಗಡ್ಡದವನು ಅದರಲ್ಲಿ ಐದಾರು ತೆಗೆದಿಟ್ಟ. ಕಣ್ಣು ಮುಚ್ಚಿ ಒಂದೊಂದನ್ನೂ ಮಡಿಸಿ, ಅಂಚು ಚಿವುಟಿ ನೋಡಿದೆ. ಒಂದೇ ಥಾನಿನ ಬಟ್ಟೆಯಲ್ಲೂ ಒಂದು ಕೊನೆ ಮೆತ್ತಗಿರುತ್ತದೆ. ಅತಿ ಮೆತ್ತಗಿನದನ್ನು ಆರಿಸಿದೆ. ಅದೂ ಕಿತ್ತಳೆಯೇ.

ಬೂಟು ತೆಗೆದುಕೊಳ್ಳಿ, ಬೇರಿನ ಮೇಲೆ ಜಾರುತ್ತೆ ಎಂದ. ನಾನು ಆಡುವವಳಲ್ಲಪ್ಪ ಎಂದೆ.

ಜುಲೈ 7, ಭಾನುವಾರ

ಹೊಸದನ್ನು ನಾದಿನಿಗೆ ಕೊಟ್ಟೆ. ಒತ್ತಾಯ ಮಾಡಿ ಬೆಟ್ಟಕ್ಕೂ ಕರೆದುಕೊಂಡು ಹೋದೆ. ಏಳನೆಯದರಲ್ಲಿ ಎಸೆದಳು. ಸಂದು ದಾಟಿತು, ಎಡಕ್ಕೆ ಬಾಗಿತು, ಕಣಿವೆ. ಇಳಿದು ಹುಡುಕಿ ತಂದೆ. ಎರಡು ಸಲ ಜಾರಿದೆ.

"ಎಳೇ ಮಗು," ಎಂದಳು ಅದನ್ನು ಸವರಿ. "ಬಿಡಿ ಅತ್ತಿಗೆ. ಒಂದು ಹಾಳಾಯ್ತು ಅಂತ ಇನ್ನೊಂದಕ್ಕೆ ಯಾಕೆ ಕಷ್ಟ ಕೊಡ್ತೀರ."

ಜುಲೈ 10, ಬುಧವಾರ

ಬೆಳಗಿನ ಬಸ್ಸಿಗೆ ಒಬ್ಬಳೇ ಬೆಟ್ಟಕ್ಕೆ ಹೋದೆ. ಮನೆಯಲ್ಲಿ ದಾರ ತರಲು ಎಂದು ಹೇಳಿದೆ. ತಟ್ಟೆಯನ್ನು ಹಳೆಯದು ಮಾಡುವುದು, ಅಷ್ಟೇ. ನನ್ನಿಂದ ಹೋದದ್ದು ನನ್ನಿಂದ ಬರಬೇಕು.

ಕೈಯಲ್ಲಿ ಹಿಡಿದೇ ಮರಕ್ಕೆ ಬಡಿದರಾಯಿತು ಎಂದುಕೊಂಡಿದ್ದೆ. ಬಡಿದರೆ ಒಂದೇ ಕಡೆ ತಗ್ಗಾಗುತ್ತದೆ. ತಿರುಗುತ್ತ ಹೋಗಿ ಬಡಿದರೇ ಸುತ್ತಲೂ ಸಮನಾಗಿ ಸವೆಯುವುದು. ಸರಿ, ಎಸೆದೆ. ಇಲ್ಲೊಂದು ತಮಾಷೆ. ನಾದಿನಿ ಮರ ತಪ್ಪಿಸಬೇಕೆಂದು ಎಸೆದರೆ ಮರಕ್ಕೆ ಬಡಿಯುತ್ತಿತ್ತು. ನಾನು ಮರಕ್ಕೇ ಬಡಿಯಬೇಕೆಂದು ಎಸೆದರೆ ಅಷ್ಟು ದೊಡ್ಡ ಕಾಡಿನಲ್ಲಿ ಒಂದು ಮರವೂ ಸಿಗಲಿಲ್ಲ. ಮಧ್ಯಾಹ್ನದವರೆಗೆ ಎಸೆದೆ. ಬಡಿದದ್ದು ಎರಡೇ. ಅದರಲ್ಲೊಂದು ನಾನು ಗುರಿ ಇಟ್ಟ ಮರವಲ್ಲ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಮರ ಡೊಂಕು ಅಂದೆ.

ಜುಲೈ 12, ಶುಕ್ರವಾರ

ಹೋದೆ. ಬಲ ಭುಜ ಎತ್ತಲಾಗುವುದಿಲ್ಲ.

ಜುಲೈ 13, ಶನಿವಾರ

ಹೋದೆ.

ಜುಲೈ 23, ಮಂಗಳವಾರ

ಗುಟ್ಟು ಉಳಿಯಲಿಲ್ಲ. ಪಾತ್ರೆ ತೊಳೆಯುವಾಗ ನಾದಿನಿ ಪಕ್ಕದಲ್ಲಿ ನಿಂತು ಮೂಗು ಅರಳಿಸಿದಳು.

"ಅತ್ತಿಗೆ, ದಾರದಂಗಡೀಲಿ ಮರದ ಅಂಟೂ ಮಾರ್ತಾರಾ?"

ಹೇಳಿಬಿಟ್ಟೆ. ಅವಳು ನಗಲು ಶುರುಮಾಡಿ, ಕುರ್ಚಿ ಹುಡುಕಿ ಕೂತು, ಕಣ್ಣೊರೆಸಿಕೊಂಡು ಮತ್ತೆ ನಕ್ಕಳು. "ಮರ ಸಿಗ್ತಿಲ್ವಾ? ಅಯ್ಯೋ ದೇವರೇ! ಮರ ಸಿಗ್ತಿಲ್ವಂತೆ!"

"ನಗು, ನಗು. ನಿನ್ನ ತಟ್ಟೆಗೇ ತಾನೇ ಇಷ್ಟೆಲ್ಲ."

"ಎಲ್ಲಿ, ಹೇಗೆ ಹಿಡೀತೀರ ತೋರ್ಸಿ."

ಊಟದ ತಟ್ಟೆ ಹಿಡಿದು ತೋರಿಸಿದೆ. ನನ್ನ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. "ಕತ್ತರಿ ಹಿಡಿದ ಹಾಗೆ ಹಿಡಿದಿದ್ದೀರ. ಹೆಬ್ಬೆರಳು ಮೇಲೆ ಚಪ್ಪಟೆ ಇರ್ಲಿ. ಉಳಿದಿದ್ದು ಅಂಚಿನೊಳಗೆ. ಭುಜದಿಂದ ಎಸೀಬೇಡಿ, ಸೊಂಟ ತಿರುಗ್ಲಿ. ಕೈ ಹಿಂದೆ ಹಿಂದೆ ಬರುತ್ತೆ." ನಡುಮನೆಯಲ್ಲಿ ನನ್ನನ್ನು ಹಿಂದೆ ಮುಂದೆ ತಿರುಗಿಸಿದಳು. ನಮ್ಮ ಮನೆಯವರು ಪೇಪರು ಇಳಿಸಿ ನೋಡಿ, ಮತ್ತೆ ಏರಿಸಿದರು.

"ಇಬ್ಬರಿಗೂ ಒಟ್ಟಿಗೇ ಹಿಡೀತು," ಎಂದರು ಪೇಪರಿನ ಹಿಂದಿನಿಂದ.

ಆಗಸ್ಟ್ 6, ಮಂಗಳವಾರ

ಈಗ ಮರ ಸಿಗುತ್ತದೆ. ಬೇಕಾದ ಮರವೇ. ಬೆಳಿಗ್ಗೆ ಹೊತ್ತು ಕಾಡಿನಲ್ಲಿ ಯಾರೂ ಇರುವುದಿಲ್ಲ. ಡಿಸ್ಕು ತೊಗಟೆಗೆ ಬಡಿದರೆ ಒಂದು ಸದ್ದು, ಬೇರಿಗೆ ಬಡಿದರೆ ಇನ್ನೊಂದು, ಸೂಜಿಯೆಲೆ ಮೇಲೆ ಜಾರಿದರೆ ಸೀರೆ ಜಗ್ಗಿದಂತೆ. ಬೆಳಿಗ್ಗೆಯ ಗಾಳಿ ಕೆಳಗಿನಿಂದ ಬರುತ್ತದೆ, ಆಗ ಮೂತಿ ಸ್ವಲ್ಪ ತಗ್ಗಿಸಿ ಎಸೆಯಬೇಕು. ಹತ್ತನೇ ಬುಟ್ಟಿಯ ಹತ್ತಿರ ನೆರಳಿನಲ್ಲಿ ಪಾಚಿ, ಎಚ್ಚರ. ಬೂಟು ತೆಗೆದುಕೊಂಡೆ. ಚಪ್ಪಲಿ ಹಾಳಾಗುತ್ತದೆ ಎಂದು.

ಶಾಲೆಯ ಯೂನಿಫಾರಂ ಹೊಲಿಗೆ ಹಾಗೇ ಬಿದ್ದಿದೆ. ಮುಗಿಸಬೇಕು.

ರಾತ್ರಿ ಊಟವಾದ ಮೇಲೆ ನಾದಿನಿ ಕೈ ಚಾಚುತ್ತಾಳೆ. ಕೊಡುತ್ತೇನೆ. ಮಗುವಿನ ವಸಡಿನಲ್ಲಿ ಹಲ್ಲು ಹುಡುಕುವವರ ಹಾಗೆ ಅಂಚಿನ ಮೇಲೆ ಬೆರಳಾಡಿಸುತ್ತಾಳೆ. "ಇಲ್ಲಿ ಇವತ್ತಿಂದು. ದೊಡ್ಡ ಮರ ಅಲ್ವಾ?" ಎನ್ನುತ್ತಾಳೆ. ಹೌದು ಎನ್ನುತ್ತೇನೆ.

ಆಗಸ್ಟ್ 20, ಮಂಗಳವಾರ

ಅವಳಿಗೆ ಡಿಸ್ಕಿನ ಮೇಲಿನ ಅಂಕಿಗಳು ಕಾಣುವುದು ನಿಂತಿದೆ. ಬಣ್ಣವೂ ನೆರಳಿನಲ್ಲಿ ಸರಿಯಾಗಿ ತಿಳಿಯುವುದಿಲ್ಲ. ಹಳೆಯ ಚೀಲದಲ್ಲಿ ಎಲ್ಲ ಒಂದೇ ಹೊಟ್ಟೆಯಲ್ಲಿ ಬಿದ್ದಿರುತ್ತಿದ್ದವು. ಕ್ಯಾನ್‌ವಾಸಿನಲ್ಲಿ ಹೊಸದು ಹೊಲಿದೆ. ಒಳಗೆ ಅರೆ ಅರೆ ಮಾಡಿ, ಪ್ರತಿ ಅರೆಯ ಬಾಯಿಗೆ ಬೇರೆ ಬೇರೆ ಬಟ್ಟೆಯ ಪಟ್ಟಿ. ದೂರ ಹೋಗುವುದಕ್ಕೆ ಜೀನ್ಸು, ನಡುವಿನದಕ್ಕೆ ಏಣುಗಳಿರುವ ಕಾರ್ಡುರಾಯ್, ಬುಟ್ಟಿಗೆ ಹಾಕುವುದಕ್ಕೆ ಮಖಮಲ್ಲು. ಕಿತ್ತಳೆಗೆ ಮಾತ್ರ ರೇಷ್ಮೆ, ನನ್ನ ಮದುವೆಯ ಸೀರೆಯ ಸೆರಗಿನ ತುಂಡು. ಅದು ಹೇಗೂ ಪೆಟ್ಟಿಗೆಯಲ್ಲಿ ಕೊಳೆಯುತ್ತಿತ್ತು.

ಕೈ ಇಟ್ಟು ಪಟ್ಟಿಗಳನ್ನು ಒಂದೊಂದಾಗಿ ಸವರಿದಳು.

"ನಲವತ್ತು ವರ್ಷದಲ್ಲಿ ನಂಗೆ ಒಂದು ರವಿಕೆನಾದ್ರೂ ಹೊಲಿದು ಕೊಟ್ರಾ ಅತ್ತಿಗೆ?"

"ನೀನು ಕೇಳಿದ್ಯಾ?"

"ಇದನ್ನೂ ಕೇಳಿರ್ಲಿಲ್ಲ."

ಸೆಪ್ಟೆಂಬರ್ 8, ಭಾನುವಾರ

ನಾದಿನಿ ಏಳನೆಯದರಲ್ಲಿ ಕಿತ್ತಳೆ ಎಸೆದಳು. ಸಂದು ದಾಟಿ ನೆಟ್ಟಗೆ ಹೋಯಿತು. ಎಡಕ್ಕೆ ಹೋಗಲಿಲ್ಲ, ಬಲಕ್ಕೂ ವಾಲಲಿಲ್ಲ.

"ಇನ್ನೂ ಸ್ವಲ್ಪ ಗಂಜಿ ಇದೆ," ಎಂದೆ.

"ಗಂಜಿ!" ಎಂದು ಆ ಮಾತನ್ನು ಚಪ್ಪರಿಸಿದಳು. "ಹೌದು, ಅದೇ. ಗಂಜಿ ಹೋಗಿಲ್ಲ."

ಮನೆಗೆ ಬಂದ ಮೇಲೆ ಜಗಳ. ಪಂದ್ಯಕ್ಕೆ ಹೆಸರು ಕೊಡಲು ನಾಳೆ ಕೊನೆ. ನಮ್ಮ ಮನೆಯವರು ಬೇಡವೇ ಬೇಡ ಎಂದರು.

"ಬಿದ್ದು ಕಾಲು ಮುರ್ಕೊಂಡ್ರೆ ತರಬೇತಿಗೆ ಹೇಗಮ್ಮ ಹೋಗ್ತೀಯ? ಅವರೇನು ನಿನಗೋಸ್ಕರ ಜಾಗ ಹಿಡ್ಕೊಂಡು ಕೂತಿರ್ತಾರಾ?"

"ಬೀಳಲ್ಲ ಅಣ್ಣ."

"ಕಾಣದವರು ಬೀಳದೆ ಇನ್ನೇನು ಮಾಡ್ತಾರೆ?"

ನಾದಿನಿ ತಲೆ ತಗ್ಗಿಸಿದಳು. ನಾನು ಕಾಲರು ತಿರುವುತ್ತಿದ್ದೆ. ಕತ್ತರಿ ಕೆಳಗಿಟ್ಟೆ.

"ಜೂನಿನಿಂದ ಅವಳು ಒಂದು ಸಲಾನೂ ಬಿದ್ದಿಲ್ಲ. ಎರಡು ಕಣ್ಣೂ ನೆಟ್ಟಗಿರೋ ನಾನು ಆರು ಸಲ ಬಿದ್ದಿದ್ದೀನಿ. ನೀವು ಕೂತಲ್ಲೇ ಮಂಡಿ ಕಳ್ಕೊಂಡ್ರಿ," ಎಂದೆ.

ಅವರು ತಂಗಿಯ ಮುಖ ನೋಡಿದರು, ನನ್ನ ಮುಖ ನೋಡಿದರು. "ಜೋಡಿ ಯಾರು?" ಎಂದರು ಕೊನೆಗೆ.

ಹೆಸರಿಗೆ ನನ್ನದು ಕೊಡಿ ಎಂದೆ. ಬರೀ ಹೆಸರಿಗೆ. ಎಸೆಯುವವಳು ಅವಳು.

ಸೆಪ್ಟೆಂಬರ್ 24, ಮಂಗಳವಾರ

ಬುಟ್ಟಿಗೆ ಹಾಕುವ ಡಿಸ್ಕೊಂದನ್ನು ನನಗೂ ತೆಗೆದುಕೊಂಡೆ. ಜೋಡಿ ಆಟದಲ್ಲಿ ಇಬ್ಬರೂ ಎಸೆಯಲೇಬೇಕಂತೆ. ವೇಗ ಎರಡು, ತೂಕ ಹೆಚ್ಚು, ಅಂಚು ಮೊಂಡ, ಕೈಗೆ ಒಗ್ಗುವ ಒರಟು. ಗಡ್ಡದವನು ಹಗುರದ್ದು ಕೊಡಲು ಬಂದ. ಗಾಳಿಗೆ ನಿಲ್ಲಲ್ಲಪ್ಪ ಅದು ಎಂದೆ. ಭಾರದ್ದನ್ನೇ ತೆಗೆದುಕೊಟ್ಟ.

ಅಕ್ಟೋಬರ್ 6, ಭಾನುವಾರ

ಪಂದ್ಯ ಮುಗಿಯಿತು. ಕೈಕಾಲು ಬಿದ್ದುಹೋಗುತ್ತಿವೆ, ಆದರೂ ಬರೆದೇ ಮಲಗುತ್ತೇನೆ.

ಬೆಳಿಗ್ಗೆ ದಟ್ಟ ಮಂಜು. ನಮ್ಮ ಜೊತೆ ಆಡಿದವರು ಇಬ್ಬರು ಬ್ಯಾಂಕಿನವರು, ವಯಸ್ಸು ನಮ್ಮ ಅರ್ಧ. ಮಂಜಿನಿಂದ ಏನೂ ಕಾಣುವುದಿಲ್ಲ ಎಂದು ಗೊಣಗುತ್ತಿದ್ದರು. "ಇವತ್ತು ಎಲ್ಲರೂ ನನ್ನ ಸಮ," ಎಂದು ನಾದಿನಿ ನನ್ನ ಕಿವಿಯಲ್ಲಿ ಹೇಳಿದಳು. ನಿಯಮ ಇಷ್ಟು: ಇಬ್ಬರೂ ಎಸೆಯಬೇಕು, ಚೆನ್ನಾಗಿ ಬಿದ್ದ ಜಾಗ ಆರಿಸಿಕೊಳ್ಳಬೇಕು, ಅಲ್ಲಿಂದ ಮತ್ತೆ ಇಬ್ಬರೂ. ಮೊದಲ ಆರು ಬುಟ್ಟಿಗಳಲ್ಲಿ ಹೆಚ್ಚಾಗಿ ಅವಳ ಎಸೆತವನ್ನೇ ಹಿಡಿದೆವು. ಮೂರನೆಯದರಲ್ಲಿ ಮಾತ್ರ ನನ್ನದು.

ಏಳನೆಯದಕ್ಕೆ ಬಂದಾಗ ಸಂದು ನನಗೂ ಕಾಣಲಿಲ್ಲ. ಎರಡು ಕಪ್ಪು ಗೆರೆ, ಅಷ್ಟೇ. ಮೊದಲು ನಾನು ಎಸೆದೆ. ಎಡಗಡೆಯ ಮರಕ್ಕೆ ಬಡಿದು ಕಾಲ ಬುಡಕ್ಕೇ ಬಂತು. ಇಷ್ಟು ದಿನ ಹೊಡೆದು ಹೊಡೆದು ಕೈಗೆ ಮರದ ಚಾಳಿ ಹಿಡಿದಿದೆ.

ನಾದಿನಿ ಚೀಲದೊಳಗೆ ಕೈ ಹಾಕಿ ರೇಷ್ಮೆ ಹುಡುಕಿದಳು. ನಾನು ಹಿಂದೆ ನಿಂತು, ಬಟ್ಟೆಯ ಎಳೆ ನೆಟ್ಟಗೆ ಹಿಡಿಯುವ ಹಾಗೆ ಅವಳ ಎರಡು ಭುಜ ಹಿಡಿದು ಸಂದಿಗೆ ನೇರ ಮಾಡಿದೆ.

"ಸಾಕಾ?" ಎಂದಳು.

"ಒಂದು ನೂಲು ಬಲಕ್ಕೆ."

ಒಂದು ನೂಲು ತಿರುಗಿದಳು. ಬ್ಯಾಂಕಿನವರು ಮಾತು ನಿಲ್ಲಿಸಿದರು. ಎಸೆದಳು.

ಕಿತ್ತಳೆ ಮಂಜಿನೊಳಗೆ ಹೋಯಿತು. ಮರಕ್ಕೆ ಬಡಿದ ಸದ್ದು ಬರಲಿಲ್ಲ. ಕೆಳಗೆ ಕಾವಲಿಗೆ ಇವತ್ತು ನಾನಿಲ್ಲ, ಯಾರೂ ಇಲ್ಲ. ನನಗೆ ಏನೂ ಕಾಣಲಿಲ್ಲ.

"ಹೋಯ್ತು, ಎಲ್ಲಿ ಅಂತ ಗೊತ್ತಾಗ್ಲಿಲ್ಲ ಕಣೇ," ಎಂದೆ.

ಅವಳು ಕೈ ಎತ್ತಿ ಸುಮ್ಮನಿರಿಸಿದಳು. ತಲೆ ಓರೆ ಮಾಡಿ ನಿಂತಿದ್ದಳು. "ವಾಲ್ತು ಅತ್ತಿಗೆ. ಬಲಕ್ಕೆ, ಮೂರನೇ ಮರದ ಹಿಂದೆ. ಎಲೆ ಮೇಲೆ ಜಾರ್ತು, ಕೇಳಿಸ್ಲಿಲ್ವಾ?"

ಇಳಿದು ನೋಡಿದೆವು. ಬಲಕ್ಕೆ, ಮೂರನೇ ಮರದ ಹಿಂದೆ. ಬುಟ್ಟಿಗೆ ನಾಲ್ಕು ಹೆಜ್ಜೆ ದೂರ.

ಅಲ್ಲಿಂದ ಅವಳದು ಕಂಬಕ್ಕೆ ತಾಗಿ ಹೊರಗೆ ಬಿತ್ತು. ನನ್ನದು ಸರಪಳಿಗೆ ಬಡಿದು ಒಳಗೆ ಕೂತಿತು. ಆ ಸದ್ದು ಚೆನ್ನಾಗಿರುತ್ತದೆ.

"ನಿಮ್ಮದು ಅಂತ ಸದ್ದಿನಲ್ಲೇ ಗೊತ್ತಾಯ್ತು," ಎಂದಳು. "ಎಷ್ಟು ಜಂಬ ಅದರಲ್ಲಿ!"

ಕೊನೆಯಿಂದ ಎರಡನೆಯವರಾದೆವು. ನಮಗಿಂತ ಹಿಂದೆ ಬಿದ್ದವರು ಬ್ಯಾಂಕಿನವರು. ನಮ್ಮ ಮನೆಯವರು ಕಾರಿನಲ್ಲಿ ನಿದ್ದೆ ಹೋಗಿದ್ದರು. ಎಬ್ಬಿಸಿದಾಗ ಮೊದಲು ತಂಗಿಯ ಕಾಲು ನೋಡಿದರು, ಆಮೇಲೆ ನನ್ನ ಕಾಲು.

ಅಕ್ಟೋಬರ್ 14, ಸೋಮವಾರ

ನಾದಿನಿ ತರಬೇತಿ ಮನೆಗೆ ಹೊರಟಳು. ಬಸ್ಸು ತಡವಾಗಿ ಬಂತು. ಜನವರಿಯಲ್ಲಿ ಕೆಲವು ದಿನ ರಜೆ ಕೊಡುತ್ತಾರಂತೆ. ಚೀಲ ತೆಗೆದುಕೊಂಡು ಹೋದಳು. ಕಿತ್ತಳೆಯನ್ನು ಮಾತ್ರ ನನ್ನ ಕೈಗಿಟ್ಟಳು.

"ಇನ್ನೂ ಒಂಚೂರು ಗಂಜಿ ಇದೆ ಅತ್ತಿಗೆ. ನಾನು ಬರೋ ಹೊತ್ತಿಗೆ ತೆಗೆದಿಡಿ. ತಟ್ಟೆಗೆ ಇಸ್ತ್ರಿ ಗಿಸ್ತ್ರಿ ಹಾಕೀರ, ಜೋಕೆ."

"ತಟ್ಟೆ ಅಲ್ಲ, ಡಿಸ್ಕ್," ಎಂದೆ.

ಕಿಟಕಿಯ ಪಕ್ಕ ಕೂತಳು. ಬಸ್ಸು ತಿರುಗುವವರೆಗೂ ನನ್ನ ಕಿವಿಯನ್ನೇ ನೋಡುತ್ತಿದ್ದಳು.

ಅಕ್ಟೋಬರ್ 15, ಮಂಗಳವಾರ

ಕೋಣೆ ಖಾಲಿಯಾಗಿದೆ. ಮಿಷನ್ನು ಒಳಗಿಡಲೇ ಎಂದು ನಮ್ಮ ಮನೆಯವರು ಕೇಳಿದರು. ನಡುಮನೆಯಲ್ಲಿ ಬೆಳಕು ಚೆನ್ನಾಗಿದೆ, ಇರಲಿ ಎಂದೆ. "ಜೂನಿನಲ್ಲಿ ಇದೇ ಬೆಳಕಿಗೆ ಮನೆ ತಲೆ ಮೇಲೆ ಹೊತ್ತುಕೊಂಡಿದ್ದೆಯಲ್ಲ?" ಎಂದರು. ಹಾಗೇನೂ ಇಲ್ಲ.

ಅಕ್ಟೋಬರ್ 16, ಬುಧವಾರ

ಬೆಳಗಿನ ಬಸ್ಸಿಗೆ ಹೋದೆ. ಮಂಜಿತ್ತು. ಏಳನೆಯದರಲ್ಲಿ ಕಿತ್ತಳೆ ಎಸೆದೆ. ಒಬ್ಬಳೇ ಎಸೆದರೆ ಎಲ್ಲಿ ಬಿತ್ತೆಂದು ನೋಡುವವರಿಲ್ಲ. ಕಣ್ಣು ಮುಚ್ಚಿ, ತಲೆ ಓರೆ ಮಾಡಿ ನಿಂತೆ.

ಬಲಕ್ಕೆ, ಮೂರನೇ ಮರದ ಹಿಂದೆ.

ಅಲ್ಲೇ ಇತ್ತು.